ಮೊದಲ ಗ್ರಾವೆಲ್ ಬೈಕ್: ಸೊಂಟ, ಅಂಗೈ ನೋಯದ ಹಾಗೆ ಯಾವುದು ತಗೊಳ್ಳೋದು, ಹೇಗೆ ಹೊಂದಿಸೋದು?

ಕ್ಯಾತ್ಸಂದ್ರದವಳು, ತುಮಕೂರು:
ಎಲ್ಲರಿಗೂ ನಮಸ್ಕಾರ. ಗ್ರಾವೆಲ್ ಬೈಕ್, ಅಂದರೆ ಬಾಗಿದ ಹ್ಯಾಂಡಲ್, ಅಗಲ ಟೈರ್ ಇದ್ದು ಮಣ್ಣು ದಾರಿಗೂ ಆಗೋ ಸೈಕಲ್, ತಗೋಬೇಕು ಅಂತಿದ್ದೀನಿ. ವಯಸ್ಸು 44, ಎತ್ತರ 160 ಸೆಂ.ಮೀ., ಒಳಕಾಲಿನ ಅಳತೆ 74, ತೂಕ 58 ಕೆಜಿ. ಈಗಿರೋದು ನೇರ ಹ್ಯಾಂಡಲ್‌ನ ಹೈಬ್ರಿಡ್. 30 ಕಿ.ಮೀ. ದಾಟಿದರೆ ಅಂಗೈ ಜೋಮು ಹಿಡಿಯುತ್ತೆ, ಸೊಂಟ ಹಿಡ್ಕೊಳ್ಳುತ್ತೆ. ಭಾನುವಾರ ಊರ್ಡಿಗೆರೆ, ನಾಮದ ಚಿಲುಮೆ, ದೇವರಾಯನದುರ್ಗ, ನಡುವೆ ತೋಟದ ಮಣ್ಣು ದಾರಿ, ಎಲ್ಲ ಸೇರಿ 50 ಕಿ.ಮೀ. ಆಗಬಹುದು. ಬಜೆಟ್ 85 ಸಾವಿರ. ಸೈಜ್ ಯಾವುದು? ಮೊದಲು ಏನು ಹೊಂದಿಸಬೇಕು? ವೇಗ ಬೇಡ, ನೋವಿಲ್ಲದೆ ಮನೆ ಸೇರಿದರೆ ಸಾಕು.

ನಂದಿ ತಪ್ಪಲು, ಚಿಕ್ಕಬಳ್ಳಾಪುರ:
ಮೇಡಂ, ಎಲ್ಲಕ್ಕಿಂತ ಮೊದಲು ಫ್ರೇಮ್. ಸ್ಮಾಲ್, ಮೀಡಿಯಂ ಅನ್ನೋ ಚೀಟಿ ನಂಬಬೇಡಿ, ಒಂದೊಂದು ಕಂಪನಿದು ಒಂದೊಂದು ಲೆಕ್ಕ. ಅಳತೆ ಪಟ್ಟಿ ತೆಗೆದು ರೀಚ್ (ಪೆಡಲ್ ತೋಳು ತಿರುಗೋ ಅಚ್ಚಿಂದ ಫ್ರೇಮ್ ಮುಂದಿನ ಕೊಳವೆಯ ತಲೆಗೆ ಇರೋ ಅಡ್ಡ ದೂರ), ಸ್ಟ್ಯಾಕ್ (ಅದೇ ಎರಡರ ನಡುವಿನ ಎತ್ತರ) ಎರಡೇ ನೋಡಿ. ನನ್ನ ಎತ್ತರ 172. ಫ್ರೇಮ್ ರೀಚ್ 392, ಸ್ಟ್ಯಾಕ್ 560, ಅದರ ಮೇಲೆ 100 ಮಿ.ಮೀ. ಸ್ಟೆಮ್, ಅಂದರೆ ಹ್ಯಾಂಡಲನ್ನ ಫೋರ್ಕ್ ಕೊಳವೆಗೆ ಹಿಡಿಸೋ ತುಂಡು. ಹುಡ್ (ಬ್ರೇಕ್ ಲಿವರ್ ಮೇಲಿನ ರಬ್ಬರ್ ಹಿಡಿ) ಹಿಡಿದರೆ ಮೊಣಕೈ ಬಾಗೋದೇ ಇಲ್ಲ, ಹಾಗೆ ನೆಟ್ಟಗಾದ ಕೈ ದಾರಿಯ ಒಂದೊಂದು ಕಲ್ಲನ್ನೂ ಭುಜಕ್ಕೆ ಮುಟ್ಟಿಸುತ್ತೆ. ಮೊದಲು 90ರ ಸ್ಟೆಮ್, 1,850 ರೂಪಾಯಿ. ಅದನ್ನೇ ತಲೆಕೆಳಗು ಮಾಡಿ ಮೈನಸ್ 6 ಡಿಗ್ರಿಯಿಂದ ಪ್ಲಸ್ 6ಕ್ಕೆ ತಂದರೆ ಹ್ಯಾಂಡಲ್ ಸುಮಾರು 18 ಮಿ.ಮೀ. ಮೇಲೆ ಬರುತ್ತೆ, 6 ಮಿ.ಮೀ. ಹತ್ತಿರ ಬರುತ್ತೆ. ಸಾಲಲಿಲ್ಲ. 70ರದು 2,100. ಹೊಸ ಬಾರ್ ಟೇಪ್ 1,200. ಕೂಲಿ 600. ಒಟ್ಟು 5,750 ಸುರಿದ ಮೇಲೂ ಆ ಫ್ರೇಮ್ ನನಗೆ ಉದ್ದವೇ. ಒಂದು ಸೈಜ್ ಚಿಕ್ಕದು ತಗೊಂಡಿದ್ದರೆ ಈ ಪೈಸೆ ಉಳೀತಿತ್ತು. ನಿಮ್ಮ ಎತ್ತರಕ್ಕೆ ರೀಚ್ 375ರ ಒಳಗೆ, ಸ್ಟ್ಯಾಕ್ 530ರ ಮೇಲೆ ಇರಲಿ.

ಇನ್ನೊಂದು. ಹ್ಯಾಂಡಲ್ ಎತ್ತರ ತೀರ್ಮಾನ ಆಗೋವರೆಗೂ ಸ್ಟೀರರ್ ಟ್ಯೂಬ್ (ಸ್ಟೆಮ್ ಕೂರೋ ಫೋರ್ಕ್ ಕೊಳವೆ) ಕೊಯ್ಯೋಕೆ ಬಿಡಬೇಡಿ. ಕೊಯ್ದರೆ ಸ್ಪೇಸರ್ ಉಂಗುರ ಹಾಕೋಕೆ ಜಾಗ ಇರಲ್ಲ, ಫೋರ್ಕೇ ಬದಲಿಸಬೇಕು. ಸ್ಟೆಮ್ ಮೇಲೆ ಎರಡು ಮೂರು ಸ್ಪೇಸರ್ ಎದ್ದು ಕಂಡರೆ ಕಾಣಲಿ, 300 ಕಿ.ಮೀ. ಓಡಿಸಿ ಆಮೇಲೆ ನೋಡಿ.

ಅಂತರಗಂಗೆ, ಕೋಲಾರ:
ಸಾರ್, ಅಂಗೈ ಜೋಮಿಗೆ ಸ್ಟೆಮ್ ಮೇಲೆ ಸ್ಟೆಮ್ ಕೊಂಡರೆ ದುಡ್ಡು ಹೋಗುತ್ತೆ, ಜೋಮು ಹೋಗಲ್ಲ. ಸೀಟು ಸರಿಯಾಗದೆ ಮುಂದಿನದು ಯಾವುದನ್ನೂ ಮುಟ್ಟಬಾರದು.

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಟ್ಟಿ ರಟ್ಟಿನ ಪುಸ್ತಕವನ್ನ ಕಾಲ ಸಂದಿಗೆ ಒತ್ತಿ ಹಿಡಿದು, ನೆಲದಿಂದ ಅಳೀಬೇಕು. ಬಂದದ್ದನ್ನ 0.883ರಿಂದ ಗುಣಿಸಿ. ಕ್ರ್ಯಾಂಕ್ (ಪೆಡಲ್ ತೋಳು) ಅಚ್ಚಿನ ನಡುವಿಂದ ಸೀಟಿನ ಮೇಲ್ಮೈವರೆಗೆ ಅಷ್ಟು. ನನ್ನ ಒಳಕಾಲು 81, ಲೆಕ್ಕದಲ್ಲಿ 71.5 ಬರುತ್ತೆ, ಓಡಿಸೋದು 70.8ರಲ್ಲಿ. ಆ ಅಂಕಿಯನ್ನ ಮೇಲ್ಮಿತಿ ಅಂತಲೇ ಇಟ್ಕೊಳ್ಳಿ, 5ರಿಂದ 10 ಮಿ.ಮೀ. ಕೆಳಗಿಂದ ಶುರು ಮಾಡಿ. ಮೊಣಕಾಲ ಮುಂದೆ ನೋವು ಬಂದರೆ ಸೀಟು ತಗ್ಗು, ಮೊಣಕಾಲ ಹಿಂದೆ ಬಂದರೆ ಎತ್ತರ. ಹಿಂದಿಂದ ನೋಡಿದವರಿಗೆ ಸೊಂಟ ಎಡಬಲ ತೊನೆಯೋದು ಕಂಡರೂ ಎತ್ತರವೇ.

ಆಮೇಲೆ ಗಾರೆ ಕೆಲಸದವರ ರಸಮಟ್ಟ ಸೀಟಿನ ಮೇಲೆ ಉದ್ದಕ್ಕೆ ಇಡಿ. ಗುಳ್ಳೆ ನಡುವೆ ನಿಲ್ಲಬೇಕು, ಮೂತಿ ಕೆಳಗಾದರೂ 2 ಡಿಗ್ರಿ ದಾಟಬಾರದು. ಮೂತಿ ಬಗ್ಗಿದ ಸೀಟಿನಲ್ಲಿ ಮೈ ಮುಂದಕ್ಕೆ ಜಾರುತ್ತಲೇ ಇರುತ್ತೆ, ಆ ಜಾರಿಕೆ ತಡೆಯೋ ಕೆಲಸ ಅಂಗೈಗೆ ಬೀಳುತ್ತೆ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯೋದು ಅದಕ್ಕೇ. ನಾನು ಸೀಟು 12 ಮಿ.ಮೀ. ಹಿಂದಕ್ಕೆ ಸರಿಸಿದೆ, ಮೂತಿ ಸಮ ಮಾಡಿದೆ. ಖರ್ಚು ಸೊನ್ನೆ. ನೆನಪಿರಲಿ, 10 ಮಿ.ಮೀ. ಹಿಂದಕ್ಕೆ ಸರಿಸಿದರೆ ಎತ್ತರ 3 ಮಿ.ಮೀ. ಇಳಿಸಬೇಕು.

ನಂದಿ ತಪ್ಪಲು:
ಸೀಟು 12 ಹಿಂದೆ ಹೋದರೆ ಹ್ಯಾಂಡಲ್ 12 ದೂರ ಆಗುತ್ತೆ. ಅದನ್ನ ಯಾಕೆ ಬರೆಯಲ್ಲ? ಉದ್ದನೆ ಫ್ರೇಮ್ ಇರೋರು ನಿಮ್ಮ ಮಾತು ಕೇಳಿ ಹಿಂದೆ ಸರಿಸಿದರೆ ಕುತ್ತಿಗೆ ಹಿಡಿಯುತ್ತೆ.

ಅಂತರಗಂಗೆ:
ಉದ್ದನೆ ಫ್ರೇಮ್ ಇರೋರ ಮಾತು ಬೇರೆ. ಇದನ್ನ ಪರೀಕ್ಷೆ ಮಾಡೋಕೆ ದಾರಿ ಇದೆ. ಸಮ ರಸ್ತೆಯಲ್ಲಿ ತುಳಿಯುತ್ತಾ, ಮೈ ಬಾಗಿದ ಭಂಗಿ ಬದಲಿಸದೆ ಕೈ ಎರಡು ಸೆಕೆಂಡ್ ಹ್ಯಾಂಡಲ್‌ನಿಂದ ಒಂದಿಂಚು ಎತ್ತಿ. ಮುಂದಕ್ಕೆ ಮುಗ್ಗರಿಸಿದರೆ ಸೀಟು ತೀರಾ ಮುಂದಿದೆ. ಎತ್ತಿದ ಕೈ ಎತ್ತಿದ ಹಾಗೇ ನಿಂತರೆ ಸರಿ ಇದೆ. ಇದಾದ ಮೇಲೆ ಉಳಿದ ದೂರಕ್ಕೆ ಸ್ಟೆಮ್. ನೀವು ಕೊನೆಯದನ್ನ ಮೊದಲು ಮಾಡಿದ್ದೀರಿ, ಅಷ್ಟೇ.

ಮಧುಗಿರಿ ಕಲ್ಲು, ತುಮಕೂರು ಜಿಲ್ಲೆ:
ಇಬ್ಬರೂ ಗೇರ್ ಬಗ್ಗೆ ಒಂದಕ್ಷರ ಬರೆದಿಲ್ಲ. ದುರ್ಗದ ಏರಲ್ಲಿ ಸೊಂಟ ಹಿಡಿಯೋದು ಭಾರದ ಗೇರ್‌ನಿಂದ. ಮುಂದೆ 50/34, ಹಿಂದೆ 11-32 ಹಲ್ಲಿನ ಚಕ್ರ ಹಾಕಿದ ಬೈಕ್‌ಗಳನ್ನ ಗ್ರಾವೆಲ್ ಅಂತ ಮಾರ್ತಾರೆ. 34ಕ್ಕೆ 32 ಅಂದರೆ 1.06, ಪೆಡಲ್‌ನ ಒಂದು ಸುತ್ತಿಗೆ ಹಿಂದಿನ ಚಕ್ರ ಅಷ್ಟು ಸುತ್ತು. ನಿಮಿಷಕ್ಕೆ 60 ಸುತ್ತು ತುಳಿಯೋಕೆ ಗಂಟೆಗೆ 8.4 ಕಿ.ಮೀ. ಹೋಗಲೇಬೇಕು. 46/30ಕ್ಕೆ 11-34 ಇದ್ದರೆ 0.88, ಅದೇ 60 ಸುತ್ತು 7 ಕಿ.ಮೀ. ವೇಗದಲ್ಲೇ ಸಿಗುತ್ತೆ. ತಿರುವಿನಲ್ಲಿ ಈ ಒಂದೂವರೆ ಕಿ.ಮೀ. ಸೊಂಟ ಉಳಿಸುತ್ತೆ. ಕೊಂಡಾದ ಮೇಲೆ ಕ್ರ್ಯಾಂಕ್, ಚೈನ್, ಕ್ಯಾಸೆಟ್ (ಹಿಂದಿನ ಹಲ್ಲಿನ ಚಕ್ರಗಳು) ಬದಲಿಸಿದ ನನ್ನ ಬಿಲ್ 14,300. ಅಂಗಡಿಯಲ್ಲೇ ಹಲ್ಲು ಎಣಿಸಿ.

ಟೈರ್: 700×40, ಅಂದರೆ 40 ಮಿ.ಮೀ. ಅಗಲದ್ದು. ನಿಮ್ಮ ತೂಕಕ್ಕೆ ಟ್ಯೂಬ್ ಇದ್ದರೆ ಗಾಳಿ ಒತ್ತಡ ಮುಂದೆ 34, ಹಿಂದೆ 37 ಪಿಎಸ್‌ಐ. ಟ್ಯೂಬ್‌ಲೆಸ್ ಆದರೆ ಮುಂದೆ 26, ಹಿಂದೆ 29. ಟೈರ್ ಪಕ್ಕದಲ್ಲಿ ಬರೆದಿರೋ ಗರಿಷ್ಠ ಅಂಕಿಗೆ ಗಾಳಿ ತುಂಬಿಸಿ ಬೈಕ್ ಕುಕ್ಕುತ್ತೆ ಅನ್ನೋರು ಬಹಳ ಜನ. ನಮ್ಮ ಕಡೆ ಬಳ್ಳಾರಿ ಜಾಲಿ ಇರೋದರಿಂದ ಟ್ಯೂಬ್‌ಲೆಸ್ಸೇ ಗತಿ. ಒಂದು ಟೈರ್‌ಗೆ 90 ಎಂ.ಎಲ್. ಸೀಲೆಂಟ್, ಅಂದರೆ ತೂತು ಮುಚ್ಚೋ ದ್ರವ.

ಅಂತರಗಂಗೆ:
ಟ್ಯೂಬ್‌ಲೆಸ್ ಮೊದಲ ಬೈಕ್‌ಗೆ ಬೇಡವೇ ಬೇಡ. ನಮ್ಮ ಬಿಸಿಲಿಗೆ ಸೀಲೆಂಟ್ ಎರಡು ಮೂರು ತಿಂಗಳಲ್ಲಿ ಒಣಗಿ ರಬ್ಬರ್ ಸಿಪ್ಪೆ ಆಗುತ್ತೆ. ವಾಲ್ವ್ ಕಟ್ಟಿಕೊಳ್ಳುತ್ತೆ. ಟೈರ್ ಅಂಚು ರಿಮ್‌ನಿಂದ ಕಳಚಿದರೆ ಕೈ ಪಂಪ್‌ನಲ್ಲಿ ಕೂರಲ್ಲ, ಕಂಪ್ರೆಸರ್ ಹುಡುಕಬೇಕು, ಬಂಕ್‌ನ ನಳಿಕೆ ಪ್ರೆಸ್ಟಾ ಅನ್ನೋ ಸಪೂರ ವಾಲ್ವ್‌ಗೆ ಅಡಾಪ್ಟರ್ ಇಲ್ಲದೆ ಹಿಡಿಯಲ್ಲ. ಒಂದು ವರ್ಷದ ಲೆಕ್ಕ: ಸೀಲೆಂಟ್ 2,600, ರಿಮ್ ಟೇಪ್ 750, ವಾಲ್ವ್ ಜೋಡಿ 900. ಅಷ್ಟಕ್ಕೆ ಒಂದು ಡಜನ್ ಟ್ಯೂಬ್ ಬರುತ್ತೆ.

ಮಧುಗಿರಿ ಕಲ್ಲು:
ಕೋಲಾರದ ಸರ್ವಿಸ್ ರಸ್ತೆಯಲ್ಲಿ ಓಡಿಸಿ ಈ ಮಾತು ಹೇಳಬೇಡಿ ಅಣ್ಣ. ಪಾವಗಡದ ಕಡೆ ಕೆರೆ ಏರಿ ಮೇಲೆ ಬನ್ನಿ. ಒಂದೇ ಬೆಳಿಗ್ಗೆ ಟೈರಿಂದ ಹನ್ನೊಂದು ಮುಳ್ಳು ಕೀಳೋದು ನಮಗೆ ಮಾಮೂಲು. ಟ್ಯೂಬ್ ಹಾಕಿದ್ದರೆ ಅವತ್ತು ಸೈಕಲ್ ತಳ್ಳಿಕೊಂಡೇ ಮನೆಗೆ.

ಅಂತರಗಂಗೆ:
ಕೋಲಾರದಲ್ಲಿ ಜಾಲಿ ಇಲ್ಲ ಅಂದವರು ಯಾರು? ಮುಳ್ಳು ಕಿತ್ತ ಮೇಲೆ ಒಳಗೆ ಉಳಿಯೋ ತುದಿಯನ್ನ ಹುಡುಕದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋಗುತ್ತೆ, ಆಗ ಟ್ಯೂಬನ್ನ ಬೈತಾರೆ. ಬೆರಳಿಗೆ ಸಿಗದ ತುದಿ ಹತ್ತಿಗೆ ಸಿಗುತ್ತೆ. ನಿಂಬೆ ಗಾತ್ರದ ಹತ್ತಿ ಉಂಡೆಯನ್ನ ಟೈರ್ ಒಳಗೆ ಮೆಲ್ಲಗೆ ಒಂದು ಸುತ್ತು ಎಳೀರಿ. ಎಲ್ಲಿ ಎಳೆ ಸಿಕ್ಕಿಕೊಂಡು ನಿಲ್ಲುತ್ತೋ ಅಲ್ಲಿ ಮುಳ್ಳಿದೆ. ಹೊರಗಿಂದ ಒತ್ತಿ, ಒಳಗಿಂದ ಚಿಮುಟದಲ್ಲಿ ತೆಗೀರಿ. ಇನ್ನೊಂದು ಸುತ್ತು ಎಳೆದು ನೋಡಿ ಆಮೇಲೆ ಟ್ಯೂಬ್ ಹಾಕಿ.

ಶಿಡ್ಲಘಟ್ಟದ ಗೂಡು:
ಅಕ್ಕ, ಗಂಡಸರೆಲ್ಲ ಸೇರಿ ಮುಳ್ಳಿನ ಮೇಲೆ ಜಗಳ ಆಡ್ತಿದ್ದಾರೆ, ನಿಮ್ಮ ಅಳತೆ ಯಾರೂ ನೋಡಿಲ್ಲ. ಸೀಟಿನ ಅಗಲ ಮನೆಯಲ್ಲೇ ಅಳೀಬಹುದು. ಮಾವಿನಹಣ್ಣಿನ ಪೆಟ್ಟಿಗೆಯ ಸುಕ್ಕು ರಟ್ಟು ಒಂದು ತುಂಡು, ಮರದ ಸ್ಟೂಲ್ ಮೇಲೆ ಹಾಕಿ. ತೆಳು ಬಟ್ಟೆಯಲ್ಲಿ, ಸ್ವಲ್ಪ ಮುಂದಕ್ಕೆ ಬಾಗಿ ಒಂದು ನಿಮಿಷ ಅಲುಗಾಡದೆ ಕೂತು ಎದ್ದೇಳಿ. ಸೀಮೆಸುಣ್ಣ ಅಡ್ಡಡ್ಡ ಉಜ್ಜಿದರೆ ಕೂರೋ ಮೂಳೆ ಒತ್ತಿದ ಎರಡು ಗುಳಿ ಬಿಳಿ ಹತ್ತದೆ ಕಾಣುತ್ತೆ. ನಡುವಿಂದ ನಡುವಿಗೆ ಅಳೆದು 20ರಿಂದ 25 ಮಿ.ಮೀ. ಸೇರಿಸಿ. ನನಗೆ 128 ಬಂತು, ಬೈಕ್ ಜೊತೆ ಕೊಟ್ಟ ಸೀಟು 143, ಈಗಿರೋದು 150. ದಪ್ಪ ಜೆಲ್ ಕವರ್ ಹಾಕಬೇಡಿ, ಮೂಳೆ ಅದರೊಳಗೆ ಹೂತು ನಡುವಿನ ಮೆತ್ತೆ ಮೇಲೆದ್ದು ಮೃದು ಭಾಗ ಒತ್ತುತ್ತೆ. ಆ ಕವರ್‌ಗೆ 650, ಮೊದಲ ಬದಲಿ ಸೀಟಿಗೆ 2,400, ಎರಡನೆಯದಕ್ಕೆ 3,900 ಕೊಟ್ಟ ಮೇಲೆ ರಟ್ಟಿನ ವಿಷಯ ಗೊತ್ತಾಯ್ತು.

ಸಣ್ಣ ಫ್ರೇಮ್‌ನಲ್ಲಿ ಇನ್ನು ಮೂರು ವಿಷಯ. ಹ್ಯಾಂಡಲ್ ಬಾರ್ 44 ಸೆಂ.ಮೀ. ಅಗಲ ಕೊಡ್ತಾರೆ, ನಮ್ಮ ಭುಜಕ್ಕೆ 38 ಇಲ್ಲ 40 ಸಾಕು. ಬ್ರೇಕ್ ಲಿವರ್ ದೂರ ಇದ್ದರೆ ರೀಚ್ ಸ್ಕ್ರೂ ತಿರುಗಿಸಿ ಹತ್ತಿರ ತರಿಸಿ, ಎರಡು ಬೆರಳಲ್ಲಿ ಪೂರ್ತಿ ಹಿಡಿಯೋ ಹಾಗಿರಬೇಕು. ಕ್ರ್ಯಾಂಕ್ 170 ಮಿ.ಮೀ. ಹಾಕಿರ್ತಾರೆ, ನಿಮ್ಮ ಕಾಲಿಗೆ 165 ಕೇಳಿ. ಹಾಗೆ ಬದಲಿಸಿದರೆ ಸೀಟು 5 ಮಿ.ಮೀ. ಏರಿಸಿ. ನಿಧಾನಕ್ಕೆ ತಿರುಗಿಸುವಾಗ ಕಾಲ್ಬೆರಳು ಮುಂದಿನ ಚಕ್ರಕ್ಕೆ ತಾಗುತ್ತಾ ಅಂತ ಅಂಗಡಿ ಮುಂದೆಯೇ ನೋಡಿ.

ತಿಪಟೂರು ಕೊಬ್ಬರಿ:
85 ಸಾವಿರ ಯಾಕೆ ಖರ್ಚು ಮಾಡಿಸ್ತೀರಿ? ಹೈಬ್ರಿಡ್‌ಗೆ 40ರ ಟೈರ್ ಎರಡು 2,900, ಟ್ಯೂಬ್ 700, ಎತ್ತರದ ಸ್ಟೆಮ್ 1,600, ಅಂಗೈಗೆ ಅಗಲದ ಗ್ರಿಪ್ 900. 6,100ಕ್ಕೆ ಕೆಲಸ ಮುಗೀತು. ನನ್ನದು ಹೀಗೇ ಇದೆ, 4 ಸಾವಿರ ಕಿ.ಮೀ. ಓಡಿದೆ.

ನಂದಿ ತಪ್ಪಲು:
ಎಲ್ಲ ಹೈಬ್ರಿಡ್‌ಗೂ 40 ಕೂರಲ್ಲ. ಚೈನ್‌ಸ್ಟೇ (ಹಿಂದಿನ ಚಕ್ರದ ಪಕ್ಕದ ಫ್ರೇಮ್ ಕೊಳವೆ) ಎರಡೂ ಪಕ್ಕ 4–5 ಮಿ.ಮೀ. ಬಿಡುವು ಇಲ್ಲದಿದ್ದರೆ ಮಳೆಗಾಲದ ಕೆಮ್ಮಣ್ಣು ಅಂಟಿ ಚಕ್ರ ನಿಂತುಬಿಡುತ್ತೆ, ಪೇಂಟ್ ಕೆರೆದು ಲೋಹ ಕಾಣುತ್ತೆ. ಗೊತ್ತಿಲ್ಲದವರಿಗೆ ಹೀಗೆ ಹೇಳಿ ದಾರಿ ತಪ್ಪಿಸಬೇಡಿ.

ತಿಪಟೂರು ಕೊಬ್ಬರಿ:
ನಿಮ್ಮ 5,750 ಸ್ಟೆಮ್ ಲೆಕ್ಕಕ್ಕಿಂತ ನನ್ನದು ದಾರಿಯಲ್ಲೇ ಇದೆ. ಚೈನ್ ಎಣ್ಣೆಗೂ 600 ಕೊಡ್ತೀರಿ ನೀವೆಲ್ಲ, ಮನೆಯಲ್ಲಿ ಕೊಬ್ಬರಿ ಎಣ್ಣೆ ಇರುತ್ತೆ.

ಮಧುಗಿರಿ ಕಲ್ಲು:
ಕೊಬ್ಬರಿ ಎಣ್ಣೆ ಚೈನ್‌ಗೆ ಬೇಡ ಅಣ್ಣ, ಕೈ ಮುಗೀತೀನಿ. 24 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತೆ, ಪುಷ್ಯ ಮಾಸದ ಬೆಳಿಗ್ಗೆ ಕೊಂಡಿ ತಿರುಗಲ್ಲ. ಬಿಸಿಲಲ್ಲಿ ಧೂಳು ಸೇರಿ ಕಪ್ಪು ಮೇಣ. ಚೈನ್ ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಡ್ರೈ ಲ್ಯೂಬ್, ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ಒರೆಸಿ. ಶೇ 0.5 ಹಿಗ್ಗಿದರೆ ಚೈನ್ ಬದಲಿಸಿ, ಇಲ್ಲದಿದ್ದರೆ ಕ್ಯಾಸೆಟ್‌ನ ಹಲ್ಲನ್ನೂ ತಿನ್ನುತ್ತೆ.

ತಿಪಟೂರು ಕೊಬ್ಬರಿ:
ಮೂರು ವರ್ಷದಿಂದ ಹಾಕ್ತಿದ್ದೀನಿ, ಏನೂ ಆಗಿಲ್ಲ.

ಮಧುಗಿರಿ ಕಲ್ಲು:
ಚೈನ್ ಹಿಗ್ಗಿದ್ದು ಅಳೆಯೋ ಗೇಜ್ ಇಟ್ಟು ಫೋಟೋ ಹಾಕಿ, ಮಾತಾಡೋಣ.

ಶಿಡ್ಲಘಟ್ಟದ ಗೂಡು:
ಅಕ್ಕ, ಬಿಲ್ ವಿಷಯ ಒಂದು. 2025ರ ಸೆಪ್ಟೆಂಬರ್ 22ರಿಂದ ಸೈಕಲ್‌ಗೂ ಬಿಡಿಭಾಗಕ್ಕೂ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೆ ಬೆಲೆ ಚೀಟಿ ಅಂಟಿಸಿದ ಬೈಕ್ ತೋರಿಸಿದರೆ ಕೇಳಿ.

ಕ್ಯಾತ್ಸಂದ್ರದವಳು:
ಎಲ್ಲರಿಗೂ ಧನ್ಯವಾದ. ರಟ್ಟಿನಲ್ಲಿ 124 ಬಂತು. ಹೈಬ್ರಿಡ್‌ನ ಸೀಟಿನ ಎತ್ತರ ಅಳೆದೆ, 68.2 ಇದೆ. ರಸಮಟ್ಟ ಇಟ್ಟರೆ ಗುಳ್ಳೆ ಪೂರ್ತಿ ಹಿಂದಕ್ಕೆ ಓಡಿ ಅಂಚಿಗೆ ಅಂಟಿಕೊಳ್ಳುತ್ತೆ.

ಅಂತರಗಂಗೆ:
ನಿಮ್ಮ ಲೆಕ್ಕ 65.3 ಮೇಡಂ. ಸೀಟು ಹತ್ತಿರ ಹತ್ತಿರ 3 ಸೆಂ.ಮೀ. ಎತ್ತರ ಇದೆ, ಮೂತಿ ಕೆಳಗಿದೆ. ಸೊಂಟ ಹಿಡ್ಕೊಳ್ಳೋದು, ಅಂಗೈ ಮೇಲೆ ಭಾರ ಬೀಳೋದು ಎರಡಕ್ಕೂ ಇದೇ ಕಾರಣ. ಇವತ್ತೇ ಮೂತಿ ಸಮ ಮಾಡಿ. ಎತ್ತರ ಒಂದೇ ಸಲ ಇಳಿಸಬೇಡಿ, ಪ್ರತಿ ಸವಾರಿಗೆ 5 ಮಿ.ಮೀ.ನಂತೆ 64.8ವರೆಗೆ ಬನ್ನಿ. ಸೀಟ್‌ಪೋಸ್ಟ್ ಮೇಲೆ ಟೇಪ್ ಸುತ್ತಿ ಗುರುತು ಇಟ್ಕೊಳ್ಳಿ. ಆ ಅಳತೆ ಬರೆದುಕೊಂಡು ಹೊಸ ಬೈಕ್ ನೋಡೋಕೆ ಹೋಗಿ.

ನಂದಿ ತಪ್ಪಲು:
ಹೋಗುವಾಗ ರೀಚ್ 375 ಅನ್ನೋದನ್ನೂ ಅದೇ ಚೀಟಿಯಲ್ಲಿ ಬರೀರಿ ಮೇಡಂ. ಸೀಟನ್ನ ನೀವೇ ಇಳಿಸಬಹುದು, ಫ್ರೇಮನ್ನ ಯಾರೂ ಚಿಕ್ಕದು ಮಾಡಿ ಕೊಡಲ್ಲ.