ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಇಪ್ಪತ್ತು ನಿಮಿಷ: ಏನು ಮಾಡಿಸೋದು?

ಸಂಜೆಬಿಸಿಲು:

ಮಗಳಿಗೆ ನಾಲ್ಕು ವರ್ಷ ಎರಡು ತಿಂಗಳು. ಇಪ್ಪತ್ತರವರೆಗೆ ಗಡಗಡ ಹೇಳ್ತಾಳೆ, ಆದರೆ "ಐದು ಚಮಚ ಕೊಡು" ಅಂದರೆ ಕೈಗೆ ಸಿಕ್ಕಷ್ಟು ಬಾಚಿ ಕೊಡ್ತಾಳೆ. ಪೆನ್ಸಿಲ್ ಹಿಡಿಯೋದು ಮುಷ್ಟಿಯಲ್ಲಿ. ಅಕ್ಷರ ತಿದ್ದೋ ಚುಕ್ಕಿ ಹಾಳೆ ಮುಂದಿಟ್ಟರೆ ಎರಡು ಗೆರೆ ಎಳೆದು ಎದ್ದು ಹೋಗ್ತಾಳೆ. ಕಥೆ ಪುಸ್ತಕ ಇಷ್ಟ, ಆದರೆ ದಿನಾ ಅದೇ ಒಂದು ಪುಸ್ತಕವೇ ಆಗಬೇಕು.

ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಬಹುದು. ಕಿಟ್, ಆ್ಯಪ್ ಬೇಡ. ಮನೆಯಲ್ಲಿರೋ ಸಾಮಾನಿನಲ್ಲೇ ಏನು ಮಾಡಿಸಬಹುದು, ಯಾವುದು ಮೊದಲು? ಒಂದೂವರೆ ವರ್ಷದ ತಮ್ಮನೂ ಪಕ್ಕದಲ್ಲೇ ಇರ್ತಾನೆ, ಸಿಕ್ಕಿದ್ದೆಲ್ಲ ಅವನ ಬಾಯಿಗೆ.

---

ಎಣಿಕೆಮಣಿ:

ಎಣಿಕೆಯ ವಿಷಯ ಮಾತ್ರ ಹೇಳ್ತೀನಿ.

ಇಪ್ಪತ್ತರವರೆಗೆ ಹೇಳೋದು ಆ ವಯಸ್ಸಿಗೆ ಒಂದು ಹಾಡು ಇದ್ದ ಹಾಗೆ. ಎಣಿಸೋದು ಬೇರೆ ಕೆಲಸ, ಅದರೊಳಗೆ ಮೂರು ಸಂಗತಿ ಸೇರಿಕೊಂಡಿವೆ. ಹೆಸರುಗಳು ಪ್ರತಿಸಲ ಅದೇ ಕ್ರಮದಲ್ಲಿ ಬರಬೇಕು, ಒಂದು ವಸ್ತುವಿಗೆ ಒಂದೇ ಹೆಸರು ಸಲ್ಲಬೇಕು, ಕೊನೆಯಲ್ಲಿ ಹೇಳಿದ ಹೆಸರೇ ಒಟ್ಟು ಎಷ್ಟು ಅನ್ನೋದಕ್ಕೆ ಉತ್ತರ ಅಂತ ಹೊಳೀಬೇಕು. ಬಹಳ ಮಕ್ಕಳು ಸಿಕ್ಕಿಬೀಳೋದು ಈ ಮೂರನೆಯದರಲ್ಲಿ. ಪರೀಕ್ಷೆ ಸುಲಭ: ನಾಲ್ಕು ಬಟನ್ ಎಣಿಸಿದ ಮೇಲೆ "ಹಾಗಾದರೆ ಎಷ್ಟಿವೆ?" ಅಂತ ಕೇಳಿ. "ನಾಲ್ಕು" ಅನ್ನದೆ ಮತ್ತೆ ಒಂದರಿಂದ ಶುರು ಮಾಡಿದರೆ ಮೂರನೆಯದು ಇನ್ನೂ ಬಂದಿಲ್ಲ.

ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯೋಕೆ ಡಬ್ಬದಲ್ಲಿ ಹತ್ತು ದೊಡ್ಡ ಮುಚ್ಚಳ ಇಟ್ಟು "ಒಂದು ಕೊಡು", "ಎರಡು ಕೊಡು", "ಮೂರು ಕೊಡು" ಅಂತ ಹಿಂದುಮುಂದು ಮಾಡಿ ಕೇಳಿ. ಮೂರು ಸಲ ಕೇಳಿದಾಗ ಎರಡು ಸಲವಾದರೂ ಸರಿ ಕೊಡೋ ಅತಿ ದೊಡ್ಡ ಸಂಖ್ಯೆ ಯಾವುದೋ, ಅದರ ಮುಂದಿನ ಸಂಖ್ಯೆಯೇ ನಿಮ್ಮ ಪಾಠ. ಎರಡು ಗಟ್ಟಿಯಾಗಿ ಬಂದಿದ್ದರೆ ಮೂರು. ಐದು ಕೇಳೋದನ್ನ ಸದ್ಯಕ್ಕೆ ನಿಲ್ಲಿಸಿ. ಮಕ್ಕಳು ಸಾಮಾನ್ಯವಾಗಿ ಒಂದು, ಆಮೇಲೆ ಎರಡು, ಆಮೇಲೆ ಮೂರು ಅಂತ ತಿಂಗಳುಗಟ್ಟಲೆ ಒಂದೊಂದೇ ಮೆಟ್ಟಿಲು ಹತ್ತಿ, ಆಮೇಲೆ ಉಳಿದದ್ದನ್ನ ಒಟ್ಟಿಗೆ ಹಿಡೀತಾರೆ. ಮೊದಲ ಮೂರು ನಿಧಾನ ಅಂತ ಗಾಬರಿ ಬೇಡ.

ಹೇಳಿಕೊಡುವಾಗ ಒಟ್ಟನ್ನು ಮೊದಲು ಹೇಳಿ, ಆಮೇಲೆ ಎಣಿಸಿ, ಮತ್ತೆ ಒಟ್ಟು ಹೇಳಿ: "ಮೂರು ಮುಚ್ಚಳ ನೋಡು. ಒಂದು, ಎರಡು, ಮೂರು. ಮೂರು ಮುಚ್ಚಳ." ಬರೀ ಒಂದು-ಎರಡು-ಮೂರು ಅಂತ ಬೆರಳಿಟ್ಟು ಹೋದರೆ ಮಗುವಿಗೆ ಅದು ಮೂರನೇ ಮುಚ್ಚಳದ ಹೆಸರು ಅಂತ ಅನ್ನಿಸಬಹುದು.

ವಸ್ತುಗಳನ್ನ ಸಾಲಾಗಿ ಇಡಿ. ದುಂಡಗೆ ಇಟ್ಟರೆ ಎಲ್ಲಿ ಶುರುವಾಯ್ತು ಅಂತ ಮರೆತು ಸುತ್ತುತ್ತಲೇ ಇರ್ತಾರೆ. ಎಣಿಸಿದ್ದನ್ನ ಪಕ್ಕದ ಬಟ್ಟಲಿಗೆ ಹಾಕಿಸಿದರೆ ಎರಡು ಸಲ ಎಣಿಸೋ ತಪ್ಪು ಅರ್ಧಕ್ಕರ್ಧ ಅಲ್ಲೇ ಹೋಗುತ್ತೆ. ಖಾಲಿ ಮೊಟ್ಟೆ ಟ್ರೇ ಇದ್ದರೆ ಒಂದು ಗುಣಿಗೆ ಒಂದು ಅಂತ ಹಾಕಿಸಿ.

ಇನ್ನೊಂದು ಆಟ. ರಟ್ಟಿನ ಮೇಲೆ ಒಂದೇ ಸಾಲಿನಲ್ಲಿ ಹತ್ತು ಮನೆ ಬರೆದು ಎಡದಿಂದ ಬಲಕ್ಕೆ 1ರಿಂದ 10 ಅಂಕಿ ಹಾಕಿ. ದಾಳದ ಮೇಲೆ ಕಾಗದ ಅಂಟಿಸಿ ಮೂರು ಮುಖಕ್ಕೆ ಒಂದು ಚುಕ್ಕಿ, ಮೂರು ಮುಖಕ್ಕೆ ಎರಡು ಚುಕ್ಕಿ ಇಡಿ. ಕಾಯಿ 4ರ ಮನೆಯಲ್ಲಿದ್ದು ಎರಡು ಬಿದ್ದರೆ ನಡೆಸುತ್ತಾ "ಐದು, ಆರು" ಅನ್ನಬೇಕು. "ಒಂದು, ಎರಡು" ಅಂದರೆ ಆಟ ನಡೆಯುತ್ತೆ, ಆದರೆ ಅಂಕಿಯ ಕಡೆ ಕಣ್ಣು ಹೋಗಲ್ಲ. ಒಂದು ಆಟಕ್ಕೆ ನಾಲ್ಕೈದು ನಿಮಿಷ ಸಾಕು.

ಕನ್ನಡದ್ದೇ ಒಂದು ತೊಡಕು: ಜನರನ್ನ ಎಣಿಸುವಾಗ ಒಬ್ಬರು, ಇಬ್ಬರು, ಮೂವರು ಅಂತ ಪದವೇ ಬೇರೆ. "ಮನೇಲಿ ಎಷ್ಟು ಜನ?" ಅಂದರೆ ಮಗು "ಮೂರು ಜನ" ಅಂದರೂ ಸರಿ ಅಂದುಬಿಡಿ, ತಿದ್ದೋಕೆ ಹೋಗಬೇಡಿ. ಹದಿನೆಂಟಾದ ಮೇಲೆ ಮುಗ್ಗರಿಸೋದೂ ಸಹಜ. ಹದಿ, ಹದಿ ಅಂತ ಬರ್ತಿದ್ದದ್ದು ಇದ್ದಕ್ಕಿದ್ದಂತೆ ಹತ್ತೊಂಬತ್ತು ಆಗುತ್ತೆ, ಪಾಪ.

---

ಕೈಕೆಲಸ:

ಚುಕ್ಕಿ ಹಾಳೆಯನ್ನು ಸದ್ಯ ಎತ್ತಿಡಿ. ನೋಡಿ ನಕಲು ಮಾಡುವುದರಲ್ಲಿ ಒಂದು ಕ್ರಮವಿದೆ: ಎರಡು ದಾಟಿದ ಮೇಲೆ ನಿಂತ ಗೆರೆ, ಆಮೇಲೆ ಮಲಗಿದ ಗೆರೆ, ಮೂರರ ಸುಮಾರಿಗೆ ವೃತ್ತ, ನಾಲ್ಕರ ಹತ್ತಿರ ಕೂಡಿಸುವ ಚಿಹ್ನೆ, ನಾಲ್ಕೂವರೆಗೆ ಚೌಕ, ಐದರ ಹೊತ್ತಿಗೆ ತ್ರಿಕೋನ. ಕೆಲವು ತಿಂಗಳು ಆಚೀಚೆ ಆಗುವುದು ಮಾಮೂಲು. ವೃತ್ತದ ಎರಡು ತುದಿ ಕೂಡಿಸಲು ಬರದ ಕೈಗೆ ಕನ್ನಡ ಅಕ್ಷರ ಕೊಟ್ಟರೆ ಅದು ಏಳುವುದೇ ಸರಿ, ನಮ್ಮ ಲಿಪಿಯೆಲ್ಲ ಸುತ್ತು, ಕೊಂಡಿ, ಅರ್ಧ ವೃತ್ತವೇ.

ಮುಷ್ಟಿ ಹಿಡಿತಕ್ಕೆ ಉಪದೇಶಕ್ಕಿಂತ ಸಾಮಾನು ಬದಲಿಸುವುದು ಮೇಲು. ಕ್ರೇಯಾನ್ ಮುರಿದು ಸುಮಾರು 3 ಸೆಂ.ಮೀ. ತುಂಡು ಕೊಡಿ. ಅಷ್ಟು ಗಿಡ್ಡದ್ದು ಮುಷ್ಟಿಯೊಳಗೆ ಮುಳುಗಿಹೋಗುತ್ತದೆ, ಹಾಗಾಗಿ ಬೆರಳ ತುದಿಯಲ್ಲಿ ಹಿಡಿಯಲೇಬೇಕಾಗುತ್ತದೆ. ಹಾಳೆಯನ್ನು ಮೇಜಿನ ಮೇಲಲ್ಲ, ಗೋಡೆಗೆ ಮಗುವಿನ ಕಣ್ಣೆತ್ತರದಲ್ಲಿ ಅಂಟಿಸಿ. ನಿಂತು ಬರೆಯುವಾಗ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗುತ್ತದೆ, ಭುಜಕ್ಕೂ ಕೆಲಸ ಸಿಗುತ್ತದೆ. ಬರೆಯುವ ಕೈಗೆ ಬೇಕಾದ ಬಲ ಅರ್ಧ ಅಲ್ಲಿಂದಲೇ ಬರುವುದು.

ಕತ್ತರಿ ಕೆಲಸ ಎಲ್ಲರೂ ತಪ್ಪು ಕಡೆಯಿಂದ ಶುರು ಮಾಡುತ್ತಾರೆ. ತೆಳು ಕಾಗದ ಸುಲಭ ಎನ್ನಿಸುತ್ತದೆ, ಆದರೆ ಅದು ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ. ಹಳೆಯ ಆಮಂತ್ರಣ ಪತ್ರಿಕೆಯಷ್ಟು ದಪ್ಪದ ಕಾಗದವನ್ನು 2 ಸೆಂ.ಮೀ. ಅಗಲದ ಪಟ್ಟಿ ಮಾಡಿ. ಮೊಂಡು ತುದಿಯ ಮಕ್ಕಳ ಕತ್ತರಿಯಿಂದ ಒಂದೇ ಕಚಕ್‌ಗೆ ಒಂದು ತುಂಡು ಬೀಳಬೇಕು. ಒಂದು ವಾರ ಇಷ್ಟೇ. ಆಮೇಲೆ ಪಟ್ಟಿ 5 ಸೆಂ.ಮೀ. ಮಾಡಿ ದಪ್ಪ ಸ್ಕೆಚ್ ಪೆನ್ನಿನ ನೇರ ಗೆರೆ ಎಳೆದು ಕೊಡಿ, ಆಗ ಎರಡು ಮೂರು ಸಲ ತೆರೆದು ಮುಚ್ಚಬೇಕಾಗುತ್ತದೆ. ಬಾಗಿದ ಗೆರೆ ಅದಕ್ಕೂ ಆಚೆ, ಅಲ್ಲಿ ಕತ್ತರಿ ತಿರುಗಿಸುವುದಲ್ಲ, ಇನ್ನೊಂದು ಕೈಯಲ್ಲಿ ಕಾಗದ ತಿರುಗಿಸುವುದು. ಎರಡೂ ಹೆಬ್ಬೆರಳು ಮೇಲ್ಮುಖ ಇರಲಿ. ಕತ್ತರಿ ಹಿಡಿದ ಮೊಣಕೈ ರೆಕ್ಕೆಯಂತೆ ಮೇಲೆದ್ದರೆ ಕೈ ತಿರುಚಿಕೊಂಡಿದೆ ಎಂದರ್ಥ. ಪಕ್ಕೆಗೆ ಒಂದು ಪುಸ್ತಕ ಒತ್ತಿ ಹಿಡಿಸಿದರೆ ಸರಿಹೋಗುತ್ತದೆ.

ಆಡುವ ಹಿಟ್ಟು ಮನೆಯಲ್ಲೇ ಆಗುತ್ತದೆ: ಮೈದಾ 2 ಕಪ್, ಪುಡಿ ಉಪ್ಪು ಅರ್ಧ ಕಪ್, ಎಣ್ಣೆ 2 ದೊಡ್ಡ ಚಮಚ, ಬಿಸಿನೀರು ಮುಕ್ಕಾಲು ಕಪ್. ಒಣದ್ದನ್ನು ಮೊದಲು ಬೆರೆಸಿ, ಎಣ್ಣೆ ಹಾಕಿ, ನೀರನ್ನು ಮೂರು ಕಂತಿನಲ್ಲಿ ಹಾಕಿ ದೊಡ್ಡವರೇ ನಾದಿ. ಅಂಟಿದರೆ ಕೂಡಲೇ ಹಿಟ್ಟು ಸುರಿಯಬೇಡಿ. ಐದು ನಿಮಿಷ ಬಿಟ್ಟರೆ ಹಿಟ್ಟು ನೀರು ಕುಡಿದು ತಾನೇ ಬಿಗಿಯುತ್ತದೆ. ಅವಸರದಲ್ಲಿ ಹಿಟ್ಟು ಸೇರಿಸಿದ್ದು ಮರುದಿನ ಬಿರುಕು ಬಿಡುತ್ತದೆ. ಬಿರುಕು ಬಿಟ್ಟರೆ ಒಂದೊಂದೇ ಸಣ್ಣ ಚಮಚ ನೀರು. ಗಾಳಿಯಾಡದ ಡಬ್ಬದಲ್ಲಿ ಫ್ರಿಜ್‌ನಲ್ಲಿಟ್ಟರೆ ವಾರ ಬರುತ್ತದೆ, ವಾಸನೆ ಬದಲಾದರೆ ಎಸೆಯಿರಿ. ಉಂಡೆ ಮಾಡುವುದಕ್ಕಿಂತ ಹೊಸೆದು ಹಾವು ಮಾಡಿಸುವುದು, ಅದನ್ನು ಸುರುಳಿ ಸುತ್ತಿಸುವುದು ಒಳ್ಳೆಯದು. ಅಕ್ಷರದ ಸುತ್ತು ಕೈಗೆ ಬರುವುದು ಹೀಗೆ. ತಮ್ಮನ ಕೈಗೆ ಮಾತ್ರ ಇದು ಸಿಗಬಾರದು: ಉಪ್ಪು ವಿಪರೀತ, ಹಿಟ್ಟೂ ಹಸಿ.

---

ಹಾಳೆಗೆರೆ:

ಇದೆಲ್ಲ ಸರಿ, ಆದರೆ ದಿನಕ್ಕೆ ಒಂದು ಪುಟ ಬರೆಸದಿದ್ದರೆ ಶಾಲೆಗೆ ಸೇರಿದ ಮೇಲೆ ಹಿಂದೆ ಬೀಳಲ್ವಾ? ಹಿಟ್ಟು ಹೊಸೆದು ಅಕ್ಷರ ಬರುತ್ತಾ?

---

ಪುಟತಿರುಗಿಸು:

@ಹಾಳೆಗೆರೆ, ಅಕ್ಷರ ಬೇಡ ಅಂತ ಯಾರೂ ಹೇಳ್ತಿಲ್ಲ. ಗುರುತಿಸೋದು ಬೇರೆ, ಬರೆಯೋದು ಬೇರೆ. ಗುರುತಿಸೋಕೆ ಕೈ ಬಲ ಬೇಕಾಗಿಲ್ಲ, ಈಗಲೇ ಶುರು ಮಾಡಬಹುದು. ಮಗುವಿನ ಹೆಸರನ್ನೇ ದೊಡ್ಡದಾಗಿ ಬರೆದು ಅದರ ಡಬ್ಬ, ಚೀಲ, ಚಿತ್ರಗಳ ಮೇಲೆ ಅಂಟಿಸಿ. ಅಕ್ಷರಕ್ಕಿಂತ ಮೊದಲು ಕಿವಿ ತಯಾರಾಗಬೇಕು, ಅದಕ್ಕೆ ಕಾಗದವೇ ಬೇಡ.

ನಡೆಯುವಾಗ, ಸ್ನಾನ ಮಾಡಿಸುವಾಗ ಪದಕ್ಕೆ ಚಪ್ಪಾಳೆ ತಟ್ಟಿಸಿ: ಮ-ರ ಎರಡು, ಕಿ-ಟ-ಕಿ ಮೂರು. ಅದು ಬಂದ ಮೇಲೆ ಗುಂಪಿಗೆ ಸೇರದ್ದು ಯಾವುದು ಅಂತ ಕೇಳಿ: ಮನೆ, ಮಳೆ, ಗಡಿಯಾರ. ಇಲ್ಲಿ ಒಂದು ಎಚ್ಚರ. ಮನೆ, ಮೀನು, ಮೋಡ ಮೂರನ್ನೂ "ಮ"ದಿಂದ ಶುರು ಅಂತ ಹೇಳಿದರೆ ಮಗುವಿಗೆ ಗೊಂದಲ, ಅದರ ಕಿವಿಗೆ ಮ, ಮೀ, ಮೋ ಬೇರೆ ಬೇರೆ ತುಂಡುಗಳೇ. ಮೊದಲು ಕಾಗುಣಿತದ ಸ್ವರ ಒಂದೇ ಇರೋ ಪದಗಳನ್ನೇ ಆರಿಸಿ. ಕೊನೆಗೆ ತೆಗೆಯೋ ಆಟ: "ಅರಮನೆಯಲ್ಲಿ ಅರ ತೆಗೆದರೆ?" "ಮಳೆಹನಿಯಲ್ಲಿ ಮಳೆ ತೆಗೆದರೆ?" ಇದು ಕಷ್ಟದ್ದು, ಐದರ ಹೊತ್ತಿಗೆ ಬಂದರೂ ತಡವೇನಲ್ಲ.

ಒಂದೇ ಪುಸ್ತಕ ಕೇಳೋದು ಒಳ್ಳೇದೇ, ಬದಲಿಸಬೇಡಿ. ಓದೋ ರೀತಿ ಬದಲಿಸಿ. ಮೊದಲ ಸಲ ಪೂರ್ತಿ ಓದಿ, ತಡೆಯಬೇಡಿ. ಮಾರನೇ ದಿನ ವಾಕ್ಯದ ಕೊನೇ ಪದ ಬಿಟ್ಟು ನಿಲ್ಲಿ, ಅವಳೇ ತುಂಬಲಿ. ಅದಾದ ಮೇಲೆ "ಇಲ್ಲಿ ಏನಾಗ್ತಿದೆ?" "ಅವನು ಯಾಕೆ ಬಾಗಿಲ ಹಿಂದೆ ನಿಂತಿದಾನೆ?" ಅನ್ನೋ ತರಹದ್ದು. "ಇದು ಯಾವ ಬಣ್ಣ?" ಅನ್ನೋದು ಪ್ರಶ್ನೆಯಲ್ಲ, ಪರೀಕ್ಷೆ. ಒಂದು ಪದದಲ್ಲಿ ಮಾತು ಮುಗಿದುಹೋಗುತ್ತೆ. ಪುಸ್ತಕಕ್ಕೆ ಮೂರು ನಾಲ್ಕು ಪ್ರಶ್ನೆ ಸಾಕು, ಹೆಚ್ಚಾದರೆ ಕಥೆ ಸತ್ತಂತೆ.

ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ದೊಡ್ಡವರು ಮಾಡೋ ದೊಡ್ಡ ತಪ್ಪು ಇಲ್ಲೇ, ಒಂದು ಸೆಕೆಂಡಿಗೆ ತಾವೇ ಉತ್ತರ ಹೇಳಿಬಿಡೋದು. ಅವಳು "ನಾಯಿ ಓಡ್ತು" ಅಂದರೆ ನೀವು "ಹೌದು, ಕರಿ ನಾಯಿ ಹೆದರಿಕೊಂಡು ಓಡ್ತು" ಅನ್ನಿ. ಎರಡು ಪದ ಸೇರಿಸಿದಿರಿ, ಅಷ್ಟೇ. "ಹಾಗಲ್ಲ, ಸರಿಯಾಗಿ ಹೇಳು" ಅನ್ನೋದು ಬೇಡ.

---

ಸಂಜೆಬಿಸಿಲು:

ಎಲ್ಲರಿಗೂ ಧನ್ಯವಾದ. ಮೂರು ಅನುಮಾನ. ಇಪ್ಪತ್ತು ನಿಮಿಷದಲ್ಲಿ ಇದೆಲ್ಲ ಹಿಡಿಸೋದು ಹೇಗೆ? ತಮ್ಮನನ್ನ ಏನು ಮಾಡೋದು? ಇನ್ನೊಂದು, ಅವಳು ಕ್ರೇಯಾನ್ ಒಮ್ಮೆ ಎಡಗೈಲಿ, ಒಮ್ಮೆ ಬಲಗೈಲಿ ಹಿಡೀತಾಳೆ. ಒಂದೇ ಕೈ ಅಂತ ಹೇಳಬೇಕಾ?

---

ಎಣಿಕೆಮಣಿ:

ಎಲ್ಲವನ್ನೂ ದಿನಾ ಮಾಡಬೇಡಿ. ಎಣಿಕೆಯನ್ನ ಈ ಇಪ್ಪತ್ತು ನಿಮಿಷದಿಂದ ಆಚೆಗೇ ಹಾಕಿ: ತಟ್ಟೆ ಇಡುವಾಗ "ಮೂರು ಚಮಚ ತಾ", ಒಗೆದ ಬಟ್ಟೆ ಮಡಚುವಾಗ ಕಾಲುಚೀಲದ ಜೋಡಿ ಹುಡುಕಿಸೋದು. ಬಟ್ಟೆ ವಿಂಗಡಿಸುವಾಗ ಒಂದು ಸಲಕ್ಕೆ ಒಂದೇ ಲಕ್ಷಣ, ಬಣ್ಣ ಅಂದರೆ ಬಣ್ಣ ಮಾತ್ರ. "ದೊಡ್ಡ ಕೆಂಪು" ಅಂದರೆ ಅರ್ಧದಲ್ಲಿ ನಿಯಮ ಮರೆತುಹೋಗುತ್ತೆ. ಆಗ ಬೆಳಗಿನ ಹತ್ತು ನಿಮಿಷ ಕೈಗೆ, ಸಂಜೆಯ ಹತ್ತು ನಿಮಿಷ ಪುಸ್ತಕಕ್ಕೆ ಉಳಿಯುತ್ತೆ. ಎರಡೇ ನಿಮಿಷಕ್ಕೆ ಎದ್ದು ಹೋದರೆ ಹೋಗಲಿ ಬಿಡಿ, ಅದೇ ಸಾಮಾನು ಅದೇ ಜಾಗದಲ್ಲಿ ಮೂರು ನಾಲ್ಕು ದಿನ ಇಟ್ಟು ನೋಡಿ. ದಿನಾ ಹೊಸದು ತಂದರೆ ನೋಡೋದರಲ್ಲೇ ಹೊತ್ತು ಹೋಗುತ್ತೆ, ಮಾಡೋದು ನಡೆಯಲ್ಲ.

---

ಕೈಕೆಲಸ:

ತಮ್ಮನ ವಿಷಯ. ಮೂರು ವರ್ಷದೊಳಗಿನವರ ಆಟಿಕೆಯ ತುಂಡು ಪರೀಕ್ಷಿಸಲು ಸುಮಾರು 3.2 ಸೆಂ.ಮೀ. ಅಗಲದ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಗಂಟಲಿಗೆ ಅಪಾಯ. ಮನೆಯಲ್ಲಿ ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆ ಇಟ್ಟುಕೊಳ್ಳಿ. ಅದು ಸ್ವಲ್ಪ ಅಗಲ, ಹಾಗಾಗಿ ಅದರಲ್ಲಿ ಹಿಡಿಸಿದ್ದನ್ನೆಲ್ಲ ದೂರ ಇಟ್ಟರೆ ಇನ್ನೂ ಸುರಕ್ಷಿತ. ಈ ಲೆಕ್ಕದಲ್ಲಿ ಬಟನ್, ಗೋಲಿ, ದಾಳ ಮತ್ತು ನಾನೇ ಹೇಳಿದ ಕ್ರೇಯಾನ್ ತುಂಡು ಎಲ್ಲವೂ ಹೊರಗೆ. ಅವನ್ನು ಅವನು ಮಲಗಿದ ಹೊತ್ತಿಗೆ ಇಲ್ಲವೇ ಎತ್ತರದ ಮೇಜಿನ ಮೇಲೆ ಮಾತ್ರ ತೆಗೆಯಿರಿ, ಮುಗಿದ ಮೇಲೆ ಎಣಿಸಿ ಒಳಗಿಡಿ. ಬಟನ್ ಸೆಲ್, ಸಣ್ಣ ಅಯಸ್ಕಾಂತ, ನೀರಿನಲ್ಲಿ ಊದಿಕೊಳ್ಳುವ ಬಣ್ಣದ ಮಣಿ ಈ ಮೂರು ಮನೆಯಲ್ಲೇ ಬೇಡ. ನುಂಗಿದರೆ ಒಳಗೆ ಸುಡುತ್ತವೆ, ಚುಚ್ಚುತ್ತವೆ ಇಲ್ಲವೇ ಕರುಳು ಕಟ್ಟುತ್ತವೆ.

ಅವನಿಗೂ ಏನಾದರೂ ಕೊಟ್ಟರೆ ಅಕ್ಕನ ಸಾಮಾನಿನ ತಂಟೆಗೆ ಬರುವುದು ಕಡಿಮೆ. ಡಬ್ಬದ ಪ್ಲಾಸ್ಟಿಕ್ ಮುಚ್ಚಳದಲ್ಲಿ 9 ಸೆಂ.ಮೀ. ಉದ್ದದ ಸೀಳು ಕೊರೆದು ಅಂಚಿಗೆ ಟೇಪ್ ಹಚ್ಚಿ. 7–8 ಸೆಂ.ಮೀ. ಅಗಲದ ಚಪ್ಪಟೆ ಮುಚ್ಚಳಗಳನ್ನು ಅದರಲ್ಲಿ ಹಾಕಿಸುವುದು, ಸುರಿಯುವುದು, ಮತ್ತೆ ಹಾಕುವುದು. ನೀರಿನ ಆಟ ಆಡಿಸುವುದಾದರೆ ಬಟ್ಟಲಲ್ಲಿ ಬೆರಳುದ್ದ ನೀರಿದ್ದರೂ ಅಲ್ಲಿಂದ ಏಳಬೇಡಿ, ಮುಗಿದ ತಕ್ಷಣ ಚೆಲ್ಲಿ.

ಕೈ ಬದಲಿಸುವುದಕ್ಕೆ ಏನೂ ಹೇಳಬೇಡಿ. ಬಳಸುವ ಕೈ ಹಲವರಲ್ಲಿ ನಾಲ್ಕರಿಂದ ಆರರೊಳಗೆ ಗಟ್ಟಿಯಾಗುತ್ತದೆ. ಕ್ರೇಯಾನನ್ನು ಬಲಕ್ಕೂ ಎಡಕ್ಕೂ ಇಡದೆ ಅವಳ ಎದುರು ನಟ್ಟನಡುವೆ ಇಡಿ. ಯಾವ ಕೈ ಹೋಯಿತು ಎಂದು ಎರಡು ವಾರ ಸುಮ್ಮನೆ ಗುರುತು ಹಾಕಿಕೊಳ್ಳಿ. ಎಡಗೈಯೇ ಹೆಚ್ಚು ಎಂದು ಕಂಡರೆ ಎಡಗೈ ಕತ್ತರಿ ಬೇರೆಯೇ ತರಬೇಕು. ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಒತ್ತಿದರೆ ಅಲಗುಗಳು ಒಂದಕ್ಕೊಂದು ತಾಗದೆ ದೂರ ಸರಿಯುತ್ತವೆ, ಗೆರೆಯೂ ಮೇಲಿನ ಅಲಗಿನ ಹಿಂದೆ ಮರೆಯಾಗುತ್ತದೆ. ಆಗ ಕಾಗದ ಹರಿದರೆ ಅದು ಮಗುವಿನ ತಪ್ಪಲ್ಲ.