ಸಹಾಯ ಬೇಕು: ಮಾಳಿಗೆ ಮೇಲೆ ಡ್ರೋನ್ ಕಾಟ (ಗೋಕುಲ ರೋಡ್, ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ ರೀ. ನಮ್ಮ ಓಣಿಯಲ್ಲಿ ಸಂಜೆ ಆದರೆ ಸಾಕು, ಯಾರೋ ಡ್ರೋನ್ ಹಾರಿಸುತ್ತಾರೆ. ಸುಮ್ನೆ ಹಾದು ಹೋದರೆ ತಕರಾರಿಲ್ಲ. ನಿನ್ನೆ ಅಕ್ಕ ಮಾಳಿಗೆ ಮೇಲೆ ಸಂಡಿಗೆ ತೆಗೆಯುವಾಗ ಗುಂಯ್ ಅಂತ ತಲೆ ಮೇಲೇ ನಿಂತಿತ್ತು, ಕ್ಯಾಮೆರಾ ಕೆಳಗೇ ತಿರುಗಿತ್ತು. ಬುಟ್ಟಿ ಅಲ್ಲೇ ಬಿಟ್ಟು ಓಡಿ ಬಂದಳು. ಈಗ ಬಟ್ಟೆ ಒಣಹಾಕಲೂ ಮೇಲೆ ಹೋಗುತ್ತಿಲ್ಲ. ತುಂಬಾ ಸಂಕಟ ಆಗುತ್ತಿದೆ.

2021ರ ಡ್ರೋನ್ ನಿಯಮದಂತೆ 250 ಗ್ರಾಂವರೆಗಿನದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ, ಸರಿ. ಆದರೆ ನಾವಿರುವುದು ಏರ್‌ಪೋರ್ಟ್ ಹತ್ತಿರ. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯ ಹಳದಿ, ಕೆಂಪು ಜಾಗಗಳಲ್ಲಿ ಹಾರಿಸಲು ಅನುಮತಿ ಬೇಕೇ ಬೇಕು, ಅಲ್ವಾ?

ಇಂಥದ್ದಕ್ಕೆ ಠಾಣೆಯಲ್ಲಿ ದೂರು ಕೊಟ್ಟವರು ಇದ್ದೀರಾ? ಅರ್ಜಿಯಲ್ಲಿ ಏನು ಬರೆದಿರಿ? ಮೊಬೈಲ್‌ನಲ್ಲಿ ತೆಗೆದ ವಿಡಿಯೊ ಸಾಕಾ? ಹಾರಿಸುವವರು ಈ ಗುಂಪಿನಲ್ಲೇ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ, ಕೂತು ಮಾತಾಡೋಣ.