ಸಂಘದ ಕಪಾಟಿನಲ್ಲಿರುವ ಹಳೆಯ ಫೋಟೊಗಳು: ಮ್ಯೂಸಿಯಂ ಜೊತೆ ಸೇರಿ ಸ್ಕ್ಯಾನ್ ಮಾಡಿಸಿದವರು ಅನುಭವ ಹೇಳಿ

ಕೇಳಿದವರು: ಮಾಟುಂಗಾದಿಂದ, ಸಂಘದ ಸಮಿತಿ ಸದಸ್ಯೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮುಂಬಯಿಯ ಒಂದು ಹಳೆಯ ಕನ್ನಡ ಸಂಘ. ವಾಚನಾಲಯದ ಎರಡು ಗೋದ್ರೆಜ್ ಕಪಾಟಿನಲ್ಲಿ ಸುಮಾರು 2,000 ಫೋಟೊಗಳಿವೆ. ನಾಟಕ, ಯಕ್ಷಗಾನ, ನಾಡಹಬ್ಬ, ರಾತ್ರಿ ಶಾಲೆಯ ಗ್ರೂಪ್ ಫೋಟೊ. ಒಂದು ಬೂಟಿನ ಡಬ್ಬಿಯ ತುಂಬ ನೆಗೆಟಿವ್. ನಗರದ ಒಂದು ಮ್ಯೂಸಿಯಂನವರು ಬಂದು ನೋಡಿ, "ಸ್ಕ್ಯಾನರ್ ನಮ್ಮಲ್ಲಿದೆ, ಸೇರಿ ಮಾಡೋಣ" ಎಂದಿದ್ದಾರೆ. ನಮ್ಮ ಹಿರಿಯರಿಗೆ ಭಯ. ಹೊರಗೆ ಹೋದ ಫೋಟೊ ವಾಪಸ್ ಬರುತ್ತಾ? ನಾಳೆ ಅದರ ಮೇಲೆ ಯಾರ ಹೆಸರು ಇರುತ್ತೆ? ನಾನು ಸಮಿತಿಗೆ ಹೊಸಬಳು. ಇಂಥ ಕೆಲಸ ಮಾಡಿದವರು ಎಲ್ಲಿಂದ ಶುರು ಮಾಡಿದಿರಿ, ಎಲ್ಲಿ ಎಡವಿದಿರಿ, ದಯವಿಟ್ಟು ಹೇಳಿ.

ಡೊಂಬಿವಲಿಯಿಂದ, ನಿವೃತ್ತ ಗ್ರಂಥಪಾಲಕ

ತಂಗಿ, ನಿಮ್ಮ ಹಿರಿಯರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಪ್ರತಿ ಸಂಘದಲ್ಲೂ ಇದು ನಡೆದಿದೆ. ರಜತ ಮಹೋತ್ಸವ ಬರುತ್ತದೆ, ಸ್ಮರಣ ಸಂಚಿಕೆಗೆ ಫೋಟೊ ಬೇಕು ಎಂದು ಯಾರೋ ಒಂದು ಕಟ್ಟು ಪ್ರೆಸ್ಸಿಗೆ ಒಯ್ಯುತ್ತಾರೆ. ಸಂಚಿಕೆ ಬರುತ್ತದೆ, ಫೋಟೊ ಬರುವುದಿಲ್ಲ. ನಮ್ಮ ಗ್ರಂಥಾಲಯದಲ್ಲಿ ಹೀಗೆ ಹೋದ ಎರಡು ಆಲ್ಬಂ ಇವತ್ತಿಗೂ ಸಿಕ್ಕಿಲ್ಲ. ಹಾಗಾಗಿ ಮ್ಯೂಸಿಯಂ ಜೊತೆಗಿನ ಮೊದಲ ಮಾತು ಇದೇ ಆಗಲಿ: ಫೋಟೊ ಕಟ್ಟಡ ಬಿಟ್ಟು ಹೋಗುವುದಿಲ್ಲ, ಸ್ಕ್ಯಾನರೇ ಬರಬೇಕು. ಇದು ಹಟವಲ್ಲ. ಬ್ರಿಟಿಷ್ ಲೈಬ್ರರಿಯು 2004ರಿಂದ ಅಳಿವಿನಂಚಿನ ದಾಖಲೆಗಳಿಗಾಗಿ ಒಂದು ಯೋಜನೆ ನಡೆಸುತ್ತಿದೆ. ಅಲ್ಲಿಯೂ ಮೂಲ ದಾಖಲೆ ಅದರ ದೇಶ ಬಿಟ್ಟು ಹೋಗುವಂತಿಲ್ಲ, ಡಿಜಿಟಲ್ ಪ್ರತಿ ಮಾತ್ರ ಹೋಗುತ್ತದೆ. ತಮಿಳುನಾಡಿನ ಹಳೆಯ ಸ್ಟುಡಿಯೊಗಳ ಫೋಟೊಗಳನ್ನು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ಅದೇ ಯೋಜನೆಯಲ್ಲಿ ಡಿಜಿಟಲ್ ಮಾಡಿತು. ಇದನ್ನು ನಿಮ್ಮ ಹಿರಿಯರಿಗೆ ಹೇಳಿ. ಅವರು ಕೇಳುತ್ತಿರುವುದು ಸರಿಯಾದದ್ದನ್ನೇ.

ಇನ್ನು ನಾವು ಎಡವಿದ್ದು. ನಾವೂ ಒಂದು ಮ್ಯೂಸಿಯಂ ಜೊತೆ ಸೇರಿದ್ದೆವು. ಅವರು ಒಳ್ಳೆಯ ಜನ, ಕೆಲಸವೂ ಚೊಕ್ಕ. ಎಂಟು ತಿಂಗಳಲ್ಲಿ ಸಾವಿರಕ್ಕೂ ಜಾಸ್ತಿ ಫೋಟೊ ಸ್ಕ್ಯಾನ್ ಆಯಿತು. ಕೊನೆಗೆ ಪಟ್ಟಿ ತೆರೆದರೆ "ಫೋಟೊದಲ್ಲಿರುವವರು" ಎಂಬ ಕಾಲಂ ಮುಕ್ಕಾಲು ಖಾಲಿ. ಗೊತ್ತಿದ್ದವರು ಒಬ್ಬರಿದ್ದರು, ರಾತ್ರಿ ಶಾಲೆಯಲ್ಲಿ ಪಾಠ ಮಾಡಿದ ಮಾಸ್ತರರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ ರಾತ್ರಿ ಓದಲು ಬಂದ ಹುಡುಗರ ಹೆಸರು, ಊರು ಎಲ್ಲ ಅವರ ಬಾಯಲ್ಲಿತ್ತು. "ಸ್ಕ್ಯಾನ್ ಮುಗಿಯಲಿ, ಆಮೇಲೆ ಕೂತು ಕೇಳೋಣ" ಎಂದುಕೊಂಡೆವು. ಆರನೇ ತಿಂಗಳು ಅವರು ತೀರಿಕೊಂಡರು. ಈಗ ನಮ್ಮ ಹತ್ತಿರ ಆ ಹುಡುಗರ ಮುಖಗಳು ಬಹಳ ಸ್ಪಷ್ಟವಾಗಿವೆ. ಹೆಸರಿಲ್ಲ.

ಅದಕ್ಕೇ ಹೇಳುತ್ತೇನೆ, ಸ್ಕ್ಯಾನರ್ ಬರುವ ಮೊದಲೇ ಹೆಸರು ಬರೆಯಲು ಶುರು ಮಾಡಿ. ಮೊಬೈಲಿನಲ್ಲಿ ಗ್ರೂಪ್ ಫೋಟೊದ ಚಿತ್ರ ತೆಗೆದು ದೊಡ್ಡದಾಗಿ ಝೆರಾಕ್ಸ್ ಹಾಕಿಸಿ. ಪ್ರತಿ ತಲೆಯ ಮೇಲೆ ಒಂದು ನಂಬರ್ ಬರೆಯಿರಿ. ಹಿರಿಯರ ಮುಂದೆ ಇಟ್ಟು ಕೇಳಿ, ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ನಮ್ಮ ಹಳೆಯ ಪದ್ಧತಿಯೇ ಇದೆಯಲ್ಲ, "ಎಡದಿಂದ ಬಲಕ್ಕೆ, ಕುಳಿತವರು, ನಿಂತವರು" ಅಂತ. ಅದನ್ನೇ ಪಾಲಿಸಿ. ಒಬ್ಬೊಬ್ಬರನ್ನೇ ಕೇಳುವುದಕ್ಕಿಂತ ಇಬ್ಬರು ಮೂವರನ್ನು ಒಟ್ಟಿಗೆ ಕೂರಿಸಿದರೆ ಒಳ್ಳೆಯದು. ಒಬ್ಬರು ಮರೆತದ್ದು ಇನ್ನೊಬ್ಬರಿಗೆ ನೆನಪಾಗುತ್ತದೆ. ಜಗಳವೂ ಆಗುತ್ತದೆ. ಇಬ್ಬರು ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆಯಿರಿ, ಯಾರು ಹೇಳಿದ್ದು ಎಂಬುದನ್ನೂ ಬರೆಯಿರಿ.

ಮ್ಯೂಸಿಯಂನವರಿಗೆ ವಸ್ತುವನ್ನು ಕಾಪಾಡುವುದು ಗೊತ್ತು. ಗ್ರಂಥಾಲಯದವರಿಗೆ ಪಟ್ಟಿ ಮಾಡುವುದು ಗೊತ್ತು. ಆದರೆ ಆ ಫೋಟೊದ ಮೂಲೆಯಲ್ಲಿ ಚಂಡೆ ಹಿಡಿದು ನಿಂತವನು ಯಾರು ಎಂದು ಹೇಳಬಲ್ಲವರು ನಿಮ್ಮ ಸಂಘದಲ್ಲಿ ಮಾತ್ರ ಇದ್ದಾರೆ. ನೀವು ಖಾಲಿ ಕೈಯಲ್ಲಿ ಹೋಗುತ್ತಿಲ್ಲ, ಸಮಪಾಲಿನವರಾಗಿ ಕೂತು ಮಾತಾಡಿ.

ಫೋರ್ಟ್‌ನಿಂದ, ಹಳೆಯ ಫೋಟೊಗಳ ಆರೈಕೆ ಕಲಿತವಳು

ಮೇಲಿನ ಸರ್ ಹೇಳಿದ್ದಕ್ಕೆ ಕೈಕೆಲಸದ ನಾಲ್ಕು ಮಾತು ಸೇರಿಸುತ್ತೇನೆ. ಬೂಟಿನ ಡಬ್ಬಿಯನ್ನು ತೆರೆದು ಮೊದಲು ವಾಸನೆ ನೋಡಿ. ವಿನೆಗರ್ ಅಂದರೆ ಹುಳಿ ವಾಸನೆ ಬಂದರೆ ಅದು ಅಸಿಟೇಟ್ ಎಂಬ ಹಳೆಯ ಪ್ಲಾಸ್ಟಿಕ್ಕಿನ ಫಿಲ್ಮ್, ಹಾಳಾಗಲು ಶುರುವಾಗಿದೆ. ಒಂದು ಕೆಟ್ಟರೆ ಆ ಆವಿ ಪಕ್ಕದವುಗಳನ್ನೂ ಕೆಡಿಸುತ್ತದೆ. ಅವನ್ನು ಬೇರೆ ಇಟ್ಟು, ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿ. 1950ರ ದಶಕಕ್ಕೂ ಹಿಂದಿನ ನೆಗೆಟಿವ್ ಇದ್ದರೆ ಅದು ಇನ್ನೂ ಹಳೆಯ ತರಹದ ನೈಟ್ರೇಟ್ ಫಿಲ್ಮ್ ಆಗಿರಬಹುದು. ಅದು ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. 2003ರಲ್ಲಿ ಪುಣೆಯಲ್ಲಿ ನಮ್ಮ ಎಷ್ಟೋ ಹಳೆಯ ಸಿನಿಮಾಗಳ ನೈಟ್ರೇಟ್ ರೀಲುಗಳು ಬೆಂಕಿಗೆ ಹೋದವು. ಅನುಮಾನ ಬಂದರೆ ನೀವೇ ಮುಟ್ಟದೆ ಮ್ಯೂಸಿಯಂನವರಿಗೆ ತೋರಿಸಿ.

ಗಾಜಿನ ಪ್ಲೇಟ್ ಸಿಕ್ಕಿದರೆ ಒಂದರ ಮೇಲೊಂದು ಪೇರಿಸಬೇಡಿ, ತಟ್ಟೆಗಳನ್ನು ಸ್ಟ್ಯಾಂಡಿನಲ್ಲಿ ಇಡುವ ಹಾಗೆ ಉದ್ದದ ಅಂಚಿನ ಮೇಲೆ ನಿಲ್ಲಿಸಿ.

1970, 80ರ ದಶಕದ ಅಂಟು ಹಾಳೆಯ ಆಲ್ಬಂಗಳು ಬಹಳ ತೊಂದರೆ ಕೊಡುತ್ತವೆ. ಹಾಳೆಯ ಗೋಂದು ಫೋಟೊ ತಿನ್ನುತ್ತದೆ. ಆದರೂ ಕಿತ್ತು ತೆಗೆಯಬೇಡಿ. ಮೊದಲು ಇಡೀ ಪುಟವನ್ನು ಹಾಗೆಯೇ ಸ್ಕ್ಯಾನ್ ಮಾಡಿ. ಪುಟದಲ್ಲಿ ಯಾವ ಫೋಟೊ ಯಾವುದರ ಪಕ್ಕ ಇತ್ತು ಎಂಬುದೂ ಒಂದು ಮಾಹಿತಿ. ಆಮೇಲೆ ಹಲ್ಲಿನ ಸಂದಿ ಸ್ವಚ್ಛ ಮಾಡುವ ದಾರವನ್ನು ಅಡಿಯಲ್ಲಿ ತೂರಿಸಿ ಗರಗಸದ ಹಾಗೆ ಮೆಲ್ಲಗೆ ಎಳೆದರೆ ಕೆಲವು ಬಿಟ್ಟುಕೊಳ್ಳುತ್ತವೆ. ಬಿಡದಿದ್ದರೆ ಬಿಟ್ಟುಬಿಡಿ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೊಗೂ ಇದೇ ಮಾತು: ಗಾಜಿನ ಮೇಲಿಂದಲೇ ಸ್ಕ್ಯಾನ್.

ಹಿಂಬದಿಯನ್ನು ಮರೆಯಬೇಡಿ! ಸ್ಟುಡಿಯೊದ ಮುದ್ರೆ, ಯಾರೋ ಪೆನ್ಸಿಲಿನಲ್ಲಿ ಬರೆದ ತಾರೀಖು, ಎಲ್ಲ ಅಲ್ಲೇ ಇರುತ್ತದೆ. ಮುಂದೆ ಒಂದು ಸ್ಕ್ಯಾನ್, ಹಿಂದೆ ಒಂದು. ನೀವು ನಂಬರ್ ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನಲ್ಲಿ. ಬಾಲ್‌ಪೆನ್ ಬೇಡವೇ ಬೇಡ.

ಮಳೆಗಾಲದಲ್ಲಿ ಶುರು ಮಾಡಬೇಡಿ. ಜುಲೈಯಲ್ಲಿ ಮುಂಬಯಿಯ ಗಾಳಿಯ ತೇವಕ್ಕೆ ಬೂಷ್ಟು ಬರುತ್ತದೆ, ಫೋಟೊಗಳು ಒಂದಕ್ಕೊಂದು ಅಂಟುತ್ತವೆ. ಬೂಷ್ಟು ಹಿಡಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಚಿತ್ರವೇ ಎದ್ದು ಬರುತ್ತದೆ. ಅವನ್ನು ಬೇರೆ ಡಬ್ಬಿಯಲ್ಲಿಡಿ, ಮುಟ್ಟುವಾಗ ಮಾಸ್ಕ್ ಹಾಕಿ. ನವೆಂಬರಿನಿಂದ ಫೆಬ್ರವರಿ ನಮಗೆ ಒಳ್ಳೆಯ ಕಾಲ. ನಿಮ್ಮ ಕಬ್ಬಿಣದ ಕಪಾಟು ಮರದ ಕಪಾಟಿಗಿಂತ ಮೇಲು. ಕೆಳಗಿನ ಖಾನೆ ಮಾತ್ರ ಖಾಲಿ ಬಿಡಿ.

ಕುರ್ಲಾದಿಂದ

ಆ ಕೆಳಗಿನ ಖಾನೆಯ ಮಾತಿಗೆ ನನ್ನದೊಂದು ಸಾಕ್ಷಿ. 2005ರ ಜುಲೈ 26, ಒಂದೇ ದಿನ 944 ಮಿ.ಮೀ. ಮಳೆ. ನಮ್ಮದು ನೆಲ ಅಂತಸ್ತು. ಅಪ್ಪನ ಆಲ್ಬಂ ಮಂಚದ ಕೆಳಗಿನ ಟ್ರಂಕಿನಲ್ಲಿತ್ತು. ನೀರು ಇಳಿದ ಮೇಲೆ ಆಲ್ಬಂ ತೆಗೆದು ಬಿಸಿಲಿಗೆ ಇಟ್ಟೆವು. ಒಣಗಿ ಇಟ್ಟಿಗೆಯ ಹಾಗೆ ಆಯಿತು, ಒಂದು ಪುಟವೂ ಬಿಚ್ಚಲಿಲ್ಲ. ಒದ್ದೆ ಇರುವಾಗಲೇ ಶುದ್ಧ ತಣ್ಣೀರಿನಲ್ಲಿ ಇಟ್ಟು, ಎರಡು ದಿನದ ಒಳಗೆ ಒಂದೊಂದೇ ಬಿಡಿಸಿ, ಮುಖ ಮೇಲೆ ಮಾಡಿ ನೆರಳಲ್ಲಿ ಒಣಗಿಸಬೇಕಿತ್ತಂತೆ. ಆಗ ಹೇಳುವವರು ಯಾರೂ ಇರಲಿಲ್ಲ. ಅಪ್ಪ ಊರಿನಿಂದ ಹಡಗಿನಲ್ಲಿ ಬಂದ ವರ್ಷ ತೆಗೆಸಿದ ಫೋಟೊ ಅದರೊಳಗಿದೆ. ಆಲ್ಬಂ ಈಗಲೂ ಇಟ್ಟುಕೊಂಡಿದ್ದೇನೆ. ನೀವು ಬೇಗ ಮಾಡಿಸಿ ಅಕ್ಕ.

ಪುಣೆಯಿಂದ, ಸಾಫ್ಟ್‌ವೇರ್ ಕೆಲಸ

ಲೆಕ್ಕ ಹೇಳುತ್ತೇನೆ, ಸಮಿತಿಯಲ್ಲಿ ಕೇಳುತ್ತಾರೆ. 4x6 ಇಂಚಿನ ಫೋಟೊವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಟಿಫ್ ಎಂಬ, ಚಿತ್ರ ಕುಗ್ಗಿಸದ ಫೈಲ್ ಆಗಿ ಉಳಿಸಿದರೆ ಸುಮಾರು 26 ಎಂಬಿ. ಅಂಥ 2,000ಕ್ಕೆ 52 ಜಿಬಿ. ಹಿಂಬದಿ ಸೇರಿಸಿದರೆ ಅದರ ಎರಡರಷ್ಟು. 10x12 ಇಂಚಿನ ಗ್ರೂಪ್ ಫೋಟೊ ಒಂದಕ್ಕೇ 130 ಎಂಬಿ ಬೇಕು. ಎಲ್ಲ ಸೇರಿದರೂ 1 ಟಿಬಿ ಡಿಸ್ಕ್ ಧಾರಾಳ ಸಾಕು. ಕಪ್ಪು ಬಿಳುಪು ಫೋಟೊವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ. ಹಳದಿ ಬಣ್ಣ, ಕಲೆ, ಶಾಯಿ ಎಲ್ಲ ಗೊತ್ತಾಗುತ್ತದೆ. ಟಿಫ್ ಮೂಲಪ್ರತಿ, ಅದನ್ನು ತಿದ್ದುವಂತಿಲ್ಲ. ಹಂಚಲು, ತೋರಿಸಲು ಚಿಕ್ಕದಾದ ಜೆಪೆಗ್ ಫೈಲ್ ಮಾಡಿಕೊಳ್ಳಿ. ವಾಟ್ಸಾಪಿನಲ್ಲಿ ಬಂದ ಫೋಟೊವನ್ನು ಮೂಲಪ್ರತಿ ಎಂದುಕೊಳ್ಳಬೇಡಿ, ಅದು ಕುಗ್ಗಿರುತ್ತದೆ.

ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ತರಹದ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ಮ್ಯೂಸಿಯಂನಲ್ಲಿ ಒಂದು, ನಿಮ್ಮಲ್ಲಿ ಒಂದು, ಊರಿನ ಕಡೆಯ ಯಾವುದಾದರೂ ಗ್ರಂಥಾಲಯದಲ್ಲಿ ಒಂದು ಇದ್ದರೆ ಇನ್ನೂ ಒಳ್ಳೆಯದು. ಜೊತೆಗೂಡಿ ಮಾಡುವುದರ ದೊಡ್ಡ ಲಾಭವೇ ಇದು.

ನನ್ನ ನಿಜವಾದ ತಲೆನೋವು ಬೇರೆ ಇತ್ತು. ಇಲ್ಲಿನ ಒಂದು ಸಂಘಕ್ಕೆ ಸಹಾಯ ಮಾಡಲು ಹೋದಾಗ ಅವರು ಹಳೆಯ ಕಂಪ್ಯೂಟರಿನಲ್ಲಿ ಮಾಡಿದ ಪಟ್ಟಿ ಕೊಟ್ಟರು. ತೆರೆದರೆ ಒಂದು ಅಕ್ಷರವೂ ಓದಲು ಬರಲಿಲ್ಲ, ಬರೀ ಗೀಚು. ಹಿಂದೆ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ, ಆ ಫಾಂಟ್ ಇಲ್ಲದೆ ಓದಲು ಬಾರದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಪರಿವರ್ತಕ ಹಾಕಿ, ಈಗ ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಮಾಡಿದೆ, ಒತ್ತಕ್ಷರ ಕೈಯಲ್ಲಿ ತಿದ್ದಲು ಮೂರು ವಾರ ಬೇಕಾಯಿತು. ನೀವು ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಬರೆಯಿರಿ. ಮ್ಯೂಸಿಯಂನವರ ಪಟ್ಟಿ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತದೆ. ಕನ್ನಡ ಕಾಲಂ ಪ್ರತ್ಯೇಕ ಬೇಕೆಂದು ಪಟ್ಟು ಹಿಡಿಯಿರಿ. "ಶೆಟ್ಟಿ" ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದರೆ ನಾಳೆ ಹುಡುಕಿದರೂ ಸಿಗುವುದಿಲ್ಲ. ಫೈಲಿನ ಹೆಸರು ಮಾತ್ರ ಬರೀ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಇರಲಿ, ಫೋಟೊದ ಹಿಂದೆ ಬರೆದ ನಂಬರೇ ಫೈಲಿಗೂ ಇರಲಿ.

ವಾಸ್ಕೊದಿಂದ, ವಕೀಲ

ಪತ್ರ ಬರೆಯದೆ ಕೆಲಸ ಶುರು ಮಾಡಬೇಡಿ. ಎರಡು ಪುಟ ಸಾಕು. ಮೂಲ ಫೋಟೊ ಸಂಘದ್ದು. ಟಿಫ್ ಪ್ರತಿಗಳ ಪೂರ್ತಿ ಸೆಟ್ ಸಂಘಕ್ಕೆ ಸಿಗಬೇಕು. ಪ್ರದರ್ಶನದಲ್ಲಿ, ಪುಸ್ತಕದಲ್ಲಿ ಬಳಸಿದರೆ ಸಂಘದ ಹೆಸರು ಹಾಕಬೇಕು. ಮಾರುವುದಾದರೆ ಮೊದಲು ಕೇಳಬೇಕು. ಮಧ್ಯದಲ್ಲಿ ಕೆಲಸ ನಿಂತರೆ ಅಲ್ಲಿಯವರೆಗಿನ ಸ್ಕ್ಯಾನ್ ಕೊಡಬೇಕು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ.

ಹಕ್ಕುಸ್ವಾಮ್ಯದ ವಿಷಯ ಸ್ವಲ್ಪ ಗೋಜಲು. ಫೋಟೊ ಕೈಯಲ್ಲಿದೆ ಎಂದ ಮಾತ್ರಕ್ಕೆ ಹಕ್ಕು ನಿಮ್ಮದಾಗುವುದಿಲ್ಲ. 1957ರ ಕಾಯ್ದೆಯ ಪ್ರಕಾರ ದುಡ್ಡು ಕೊಟ್ಟು ಫೋಟೊ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ತೆಗೆಸಿದವರೇ ಮೊದಲ ಹಕ್ಕುದಾರರು. ಸಂಘ ದುಡ್ಡು ಕೊಟ್ಟು ಸ್ಟುಡಿಯೊದವರನ್ನು ಕರೆಸಿದ್ದರೆ ಹಕ್ಕು ಸಂಘದ್ದು. ಸದಸ್ಯರು ತಮ್ಮ ಕ್ಯಾಮೆರಾದಲ್ಲಿ ಸುಮ್ನೆ ತೆಗೆದು ಕೊಟ್ಟದ್ದು ಅವರದ್ದೇ. 2012ರ ತಿದ್ದುಪಡಿಯ ನಂತರ ಫೋಟೊದ ಹಕ್ಕು ತೆಗೆದವರ ಜೀವಿತಕಾಲ ಮತ್ತು ಆಮೇಲೆ 60 ವರ್ಷ. ಹಾಗಾಗಿ ಹಳೆಯ ಖರ್ಚಿನ ಪುಸ್ತಕ ಇದ್ದರೆ ಜೋಪಾನ ಮಾಡಿ. "ಫೋಟೊಗ್ರಾಫರಿಗೆ ಇಷ್ಟು ರೂಪಾಯಿ" ಎಂಬ ಒಂದು ಸಾಲು ನಿಮ್ಮ ಹಕ್ಕಿಗೆ ಆಧಾರ.

ಹಕ್ಕು ಇದ್ದರೂ ಎಲ್ಲವನ್ನೂ ಇಂಟರ್ನೆಟ್ಟಿಗೆ ಹಾಕಲೇಬೇಕೆಂದಿಲ್ಲ. ಬದುಕಿರುವವರನ್ನು, ಮಕ್ಕಳ ಫೋಟೊ ಆದರೆ ಮನೆಯವರನ್ನು, ಒಂದು ಮಾತು ಕೇಳಿ.

ಠಾಣೆಯಿಂದ

ಹೆಸರಿನ ಬಗ್ಗೆ ಒಂದು ಕೋರಿಕೆ. ನಮ್ಮ ಅಜ್ಜಿ ಮಹಿಳಾ ವಿಭಾಗದ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರು. ಫೋಟೊದ ಕೆಳಗೆ ಅವರ ಹೆಸರು "ಶ್ರೀಮತಿ" ಎಂದು ಶುರುವಾಗಿ ಅಜ್ಜನ ಇನಿಶಿಯಲ್ಲು, ಅಡ್ಡಹೆಸರಿನಲ್ಲಿ ಮುಗಿಯುತ್ತದೆ. ಅಜ್ಜಿಯ ಹೆಸರು ಎಲ್ಲೂ ಇಲ್ಲ. ಆ ಸಾಲಿನ ಹನ್ನೊಂದು ಹೆಂಗಸರದ್ದೂ ಹಾಗೆಯೇ. ಝೆರಾಕ್ಸ್ ಮುಂದಿಟ್ಟು ಕೂತಾಗ ಅಜ್ಜಿ ಒಂಬತ್ತು ಜನರ ಸ್ವಂತ ಹೆಸರು ಹೇಳಿದರು, ಯಾರ ತವರು ಯಾವ ಊರು ಅನ್ನುವುದನ್ನೂ ಹೇಳಿದರು. ನಿಮ್ಮ ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇಡಿ. ಚಹಾ ತಂದುಕೊಟ್ಟು ಬಾಗಿಲ ಬಳಿ ನಿಂತ ಹುಡುಗನಿಗೂ ಒಂದು ನಂಬರ್ ಕೊಡಿ.

ಡೊಂಬಿವಲಿಯಿಂದ, ಮತ್ತೆ

ಠಾಣೆಯವರ ಮಾತು ಓದಿ ಇದು ನೆನಪಾಯಿತು. 2008ರ ಜನವರಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸುಮಾರು 3,000 ಹಳೆಯ ಫೋಟೊಗಳನ್ನು ಫ್ಲಿಕರ್ ಎಂಬ ಫೋಟೊ ಹಂಚುವ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಅದೇ ವರ್ಷ ಸಿಡ್ನಿಯ ಪವರ್‌ಹೌಸ್ ಮ್ಯೂಸಿಯಂ ಕೂಡ ಅದರಲ್ಲಿ ಸೇರಿಕೊಂಡಿತು. ನೋಡಿದ ಜನ ಇದು ಇಂಥ ಬೀದಿ, ಇವರು ಇಂಥವರು ಎಂದು ಬರೆದು ತಿಳಿಸಿದರು. ಗ್ರಂಥಾಲಯದವರು ಪರಿಶೀಲಿಸಿ ತಮ್ಮ ಪಟ್ಟಿಯನ್ನೇ ತಿದ್ದಿಕೊಂಡರು. ಅಷ್ಟು ದೊಡ್ಡ ಸಂಸ್ಥೆಗೇ ಜನರ ನೆನಪು ಬೇಕಾಯಿತು. ನೀವು ಒಪ್ಪಿಗೆ ಸಿಕ್ಕ ಫೋಟೊಗಳನ್ನು ಹೀಗೆ ಹಾಕಬಹುದು. ಮುಂಬಯಿಯಿಂದ ಊರಿಗೆ ಮರಳಿದವರ ಮೊಮ್ಮಕ್ಕಳು ಉಡುಪಿ, ಕುಂದಾಪುರ, ಕಾರವಾರದಲ್ಲಿ ಕೂತು ನೋಡಿ ಹೇಳುತ್ತಾರೆ.

ಕೇಳಿದವರು

ಎಲ್ಲರ ಮಾತನ್ನೂ ಬರೆದುಕೊಂಡು ನಿನ್ನೆ ಸಮಿತಿಯ ಮುಂದಿಟ್ಟೆ. ಫೋಟೊ ಹೊರಗೆ ಹೋಗುವುದಿಲ್ಲ ಎಂದ ಕೂಡಲೇ ಹಿರಿಯರ ಮುಖ ಸಡಿಲವಾಯಿತು. ಮ್ಯೂಸಿಯಂನವರು ಸ್ಕ್ಯಾನರ್ ಇಲ್ಲಿಗೇ ತರಲು ಒಪ್ಪಿದ್ದಾರೆ, ದೀಪಾವಳಿ ಮುಗಿದ ಮೇಲೆ ಶುರು. ಪತ್ರದ ಕರಡು ವಾಸ್ಕೊ ಅಣ್ಣನಿಗೆ ತೋರಿಸುತ್ತೇನೆ. ಕಪಾಟಿನ ಕೆಳಗಿನ ಖಾನೆ ಇವತ್ತೇ ಖಾಲಿ ಮಾಡಿದೆವು. ಬೂಟಿನ ಡಬ್ಬಿಯಲ್ಲಿ ಹುಳಿ ವಾಸನೆ ಇದೆ, ಅದನ್ನು ಬೇರೆ ಇಟ್ಟಿದ್ದೇವೆ.

ರಾತ್ರಿ ಶಾಲೆಯ ಒಂದು ಗ್ರೂಪ್ ಫೋಟೊ ಝೆರಾಕ್ಸ್ ಹಾಕಿಸಿದೆ, 43 ತಲೆ. ಈ ಭಾನುವಾರ ಹತ್ತು ಗಂಟೆಗೆ ಮೂರು ಜನ ಹಿರಿಯರು ಬರುತ್ತಾರೆ. ಇನ್ನೊಬ್ಬರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಅವರ ಮನೆಗೆ ನಾವೇ ಹೋಗುತ್ತೇವೆ. ಅವರಿಗೆ ಈಗ 91. ಫೋನಿನಲ್ಲಿ ಫೋಟೊದ ವಿಷಯ ಹೇಳಿದಾಗ ಕೇಳಿದ್ದು ಒಂದೇ: "ನಿಂತವರಲ್ಲಿ ಬಲತುದಿಗೆ ಟೊಪ್ಪಿ ಹಾಕಿದವ ಇದ್ದಾನಾ ನೋಡು." ಇದ್ದಾನೆ. ನಂಬರ್ 38.